ಕೋಡ್ ನಕಲಾಗುತ್ತದೆ, ಬಳಗ ಪಾಲಾಗುತ್ತದೆ

ನಮ್ಮ ಬಳಕೆದಾರರ ಬಳಗ ಒಡೆದದ್ದು ಒಂದು ವೈಫೈ ಚಿಪ್ಪಿನ ಕಾರಣಕ್ಕೆ ಎಂದರೆ ಕೇಳಿದವರಿಗೆ ನಗು ಬರುತ್ತದೆ. ಈಗ ನನಗೂ ಬರುತ್ತದೆ, ಆದರೆ ಅಂದು ಅದು ನಗುವ ವಿಷಯವಾಗಿರಲಿಲ್ಲ. ಹೊಸಬರು ತಮ್ಮ ಲ್ಯಾಪ್‌ಟಾಪ್ ತಂದು ಲಿನಕ್ಸ್ ಎಂಬ ಮುಕ್ತ ಕಾರ್ಯಾಚರಣೆ ವ್ಯವಸ್ಥೆಯನ್ನು ಹಾಕಿಸಿಕೊಂಡು ಹೋಗುವಂಥ ದಿನಗಳನ್ನು ನಾವು ಆಗಾಗ ಏರ್ಪಡಿಸುತ್ತಿದ್ದೆವು. ಕೆಲವು ಯಂತ್ರಗಳ ವೈಫೈ ಮಾತ್ರ, ತಯಾರಕರು ಸೋರ್ಸ್ ಕೋಡ್ ಕೊಡದೆ ಓದಿ ತಿದ್ದಲಾಗದ ಬರೀ ಬೈನರಿ ರೂಪದಲ್ಲಿ ಹಂಚುವ, ಚಿಪ್ಪನ್ನು ನಡೆಸುವ ಫರ್ಮ್‌ವೇರ್ ಎಂಬ ತಂತ್ರಾಂಶ ಇಲ್ಲದೆ ಕಣ್ಣೇ ಬಿಡುತ್ತಿರಲಿಲ್ಲ. ಅದನ್ನು ನಾವೇ ಹಾಕಿಕೊಡಬೇಕೋ ಬೇಡವೋ ಎಂಬುದು ಪ್ರಶ್ನೆ. ಹಾಕಿಕೊಟ್ಟರೆ ಸ್ವಾತಂತ್ರ್ಯದ ಮಾತಾಡುವ ಬಳಗವೇ ಮುಚ್ಚಿದ ತಂತ್ರಾಂಶವನ್ನು ಹಂಚಿದಂತಾಗುತ್ತದೆ ಎಂದು ಕೆಲವರು ವಾದಿಸಿದರು. ಹಾಕಿಕೊಡದಿದ್ದರೆ ಬಂದವರು ಇಂಟರ್ನೆಟ್ ಇಲ್ಲದ ಯಂತ್ರವನ್ನು ಹೊತ್ತುಕೊಂಡು ಹೋಗಿ ಮರುದಿನವೇ ಹಳೆಯ ವ್ಯವಸ್ಥೆಗೆ ಮರಳುತ್ತಾರೆ ಎಂದು ಉಳಿದವರು ವಾದಿಸಿದರು. ನಾನು ಎರಡನೆಯ ಪಕ್ಷದವನು. ಮೂರು ತಿಂಗಳ ಜಟಾಪಟಿಯ ನಂತರ ನಾವು ಹನ್ನೊಂದು ಮಂದಿ ಹೊರಬಂದು ಬೇರೆ ಹೆಸರಿನಲ್ಲಿ ಇನ್ನೊಂದು ಬಳಗ ಕಟ್ಟಿಕೊಂಡೆವು.

ಹೊರಬಂದ ದಿನ ತಪ್ಪು ಮಾಡಿದೆವೆಂದು ನಮ್ಮಲ್ಲಿ ಯಾರಿಗೂ ಅನ್ನಿಸಲಿಲ್ಲ. ಮುಕ್ತ ತಂತ್ರಾಂಶದ ಪರಂಪರೆಯನ್ನೇ ಪಾಲಿಸುತ್ತಿದ್ದೇವೆಂಬ ಹೆಮ್ಮೆ ಇತ್ತು, ಮತ್ತು ಆ ಹೆಮ್ಮೆಗೆ ಆಧಾರವಿಲ್ಲದೆ ಇರಲಿಲ್ಲ. ಇಲ್ಲಿ ಬೇರೆಯಾಗುವುದು ಅಪರಾಧವಲ್ಲ, ಲೈಸೆನ್ಸೇ ಕೊಟ್ಟಿರುವ ಹಕ್ಕು. ಕೋಡನ್ನು ನಕಲು ಮಾಡಲು, ತಿದ್ದಲು, ಹಂಚಲು ಎಲ್ಲರಿಗೂ ಅನುಮತಿಯಿರುವುದರಿಂದ, ಯೋಜನೆಯನ್ನು ನಡೆಸುವವರ ಮೇಲೆ ಬೇಸರವಾದವರು ಅಷ್ಟನ್ನೂ ಎತ್ತಿಕೊಂಡು ಬೇರೆ ಹೆಸರಿನಲ್ಲಿ ಮುಂದುವರಿಯಬಹುದು. ಫೋರ್ಕ್ ಎನ್ನುವುದು ಇದನ್ನೇ. ಬರೆದ ಕೋಡನ್ನು ಯಂತ್ರ ನಡೆಸಬಲ್ಲ ರೂಪಕ್ಕೆ ತರುವ ಜಿಸಿಸಿ ಕಂಪೈಲರ್‌ನ ನಿರ್ವಾಹಕರು ಬದಲಾವಣೆಗಳನ್ನು ಸ್ವೀಕರಿಸಲು ತೀರಾ ನಿಧಾನ ಮಾಡುತ್ತಿದ್ದಾರೆಂದು ಬೇಸತ್ತ ಕೆಲವರು 1997ರಲ್ಲಿ ಇಜಿಸಿಎಸ್ ಎಂಬ ಕವಲನ್ನು ಆರಂಭಿಸಿದರು. ಎರಡೇ ವರ್ಷದಲ್ಲಿ ಅದು ಎಷ್ಟು ಮುಂದೆ ಸಾಗಿತ್ತೆಂದರೆ, 1999ರ ಏಪ್ರಿಲ್‌ನಲ್ಲಿ ಜಿಸಿಸಿಯ ಹಿಂದಿದ್ದ ಫ್ರೀ ಸಾಫ್ಟ್‌ವೇರ್ ಫೌಂಡೇಷನ್ ಆ ಕವಲನ್ನೇ ಅಧಿಕೃತ ಜಿಸಿಸಿ ಎಂದು ಒಪ್ಪಿಕೊಂಡಿತು. ಮನೆ ಬಿಟ್ಟು ಹೋದವರು ಯಜಮಾನರಾಗಿ ಮರಳಿದ ಕಥೆ ಇದು. 2004ರಲ್ಲಿ, ಪರದೆಯ ಮೇಲೆ ಕಿಟಕಿಗಳನ್ನು ಮೂಡಿಸುವ ಎಕ್ಸ್‌ಫ್ರೀ86 ತನ್ನ ಲೈಸೆನ್ಸ್ ಬದಲಿಸಿದಾಗ, ಲಿನಕ್ಸನ್ನು ಸಿದ್ಧಪಡಿಸಿ ಹಂಚುವ ಡಿಸ್ಟ್ರಿಬ್ಯೂಷನ್‌ಗಳು ಒಂದರ ಹಿಂದೊಂದು ಅದರ ಕವಲಾದ ಎಕ್ಸ್‌.ಆರ್ಗ್ ಕಡೆಗೆ ನಡೆದುಬಿಟ್ಟವು. ಇಂಥ ಕಥೆಗಳನ್ನು ಒಬ್ಬರಿಗೊಬ್ಬರು ಹೇಳಿಕೊಂಡು ನಾವು ಧೈರ್ಯ ತಂದುಕೊಳ್ಳುತ್ತಿದ್ದೆವು.

ಅವೆಲ್ಲವೂ ಪ್ರೋಗ್ರಾಮರುಗಳು ಬೇರೆಯಾದ ಕಥೆಗಳು, ನಾವೋ ಬಳಕೆದಾರರು ಎಂಬುದು ಮಾತ್ರ ನಮ್ಮಲ್ಲಿ ಯಾರಿಗೂ ಹೊಳೆಯಲಿಲ್ಲ. ಕೋಡನ್ನು ನಕಲು ಮಾಡಿಕೊಂಡರೆ ಮೂಲದಲ್ಲಿ ಒಂದು ಅಕ್ಷರವೂ ಕಡಿಮೆಯಾಗುವುದಿಲ್ಲ. ಬಳಕೆದಾರರ ಬಳಗದ ಆಸ್ತಿ ಅಂಥದ್ದಲ್ಲ. ಒಂದು ಹೆಸರು, ವರ್ಷಗಟ್ಟಲೆ ಸೇರಿದ ಪ್ರಶ್ನೋತ್ತರಗಳು, ಯಾರೋ ರಾತ್ರಿ ಕುಳಿತು ಬರೆದ ಕೈಪಿಡಿಗಳು, ಅನುವಾದಕ್ಕೆಂದು ಜಗಳವಾಡಿ ಒಪ್ಪಿಕೊಂಡ ಪದಗಳು, ಮತ್ತು ಕೇಳಿದವರಿಗೆ ಬೇಸರಿಸದೆ ಉತ್ತರಿಸುವ ಜನ, ಇಷ್ಟೇ ಅದರ ಆಸ್ತಿ. ಇವುಗಳಲ್ಲಿ ಕೈಪಿಡಿಯನ್ನು ನಕಲು ಮಾಡಬಹುದು, ಆದರೆ ಅದನ್ನು ಪ್ರತಿ ಆವೃತ್ತಿಗೂ ತಿದ್ದಿ ಇಡುತ್ತಿದ್ದವರನ್ನು ನಕಲು ಮಾಡಲಾಗದು. ಅವರು ಈ ಕಡೆ ಬರುತ್ತಾರೆ, ಇಲ್ಲವೇ ಆ ಕಡೆ ಉಳಿಯುತ್ತಾರೆ, ಇಲ್ಲವೇ ಎರಡೂ ಬೇಡವೆಂದು ಎದ್ದು ಹೋಗುತ್ತಾರೆ. ಮೂರನೆಯದು ಎಷ್ಟು ಸಾಮಾನ್ಯವೆಂಬುದು ಒಡೆದ ಮೇಲಷ್ಟೇ ತಿಳಿಯುತ್ತದೆ.

ಉತ್ತರಿಸುವವರ ಲೆಕ್ಕವನ್ನು ಸ್ವಲ್ಪ ಬಿಡಿಸಿ ನೋಡಬೇಕು, ಏಕೆಂದರೆ ಬಳಗ ಬದುಕುವುದೂ ಸಾಯುವುದೂ ಅದರ ಮೇಲೆಯೇ. ನೂರು ಮಂದಿಯ ಬಳಗದಲ್ಲಿ ಪ್ರಶ್ನೆ ಕೇಳುವವರು ಬಹಳ, ಸುಮ್ಮನೆ ಓದುವವರು ಇನ್ನೂ ಬಹಳ. ನಿಯಮಿತವಾಗಿ ಉತ್ತರಿಸುವವರನ್ನು ಬೆರಳಲ್ಲಿ ಎಣಿಸಬಹುದು. ನಮ್ಮಲ್ಲಿ ಅಂಥವರು ಆರು ಜನ ಇದ್ದರು. ಅವರಲ್ಲೂ ಎಲ್ಲರಿಗೂ ಎಲ್ಲವೂ ಗೊತ್ತಿರಲಿಲ್ಲ. ಒಬ್ಬರಿಗೆ ಪ್ರಿಂಟರುಗಳ ಮರ್ಮ ತಿಳಿದಿತ್ತು, ಒಬ್ಬರಿಗೆ ಅಕ್ಷರ ವಿನ್ಯಾಸ ಮತ್ತು ಫಾಂಟುಗಳು, ಇನ್ನೊಬ್ಬರಿಗೆ ಹಾಳಾದ ಹಾರ್ಡ್‌ಡಿಸ್ಕಿನಿಂದ ಕಡತಗಳನ್ನು ಹೊರತೆಗೆಯುವ ತಾಳ್ಮೆ. ಬಳಗ ಒಡೆದಾಗ ಮೂವರು ಅಲ್ಲಿ, ಇಬ್ಬರು ಇಲ್ಲಿ ಆದರು. ಪ್ರಿಂಟರಿನವರು ಯಾವ ಕಡೆಯೂ ಬರಲಿಲ್ಲ. ಅಂದರೆ ನೂರು ಜನರ ಸಂದೇಹಗಳಿಗೆ ಆರು ಜನರ ತಿಳಿವಳಿಕೆ ಒದಗುತ್ತಿದ್ದ ಜಾಗದಲ್ಲಿ, ಕೆಲವು ವಿಷಯಗಳೇ ಗೊತ್ತಿಲ್ಲದ ಎರಡು ಬಳಗಗಳು ಹುಟ್ಟಿಕೊಂಡವು. ಜನರು ಅರ್ಧರ್ಧ ಹಂಚಿಹೋದರು, ಆದರೆ ತಿಳಿವಳಿಕೆ ಹಾಗೆ ಹಂಚಿಕೆಯಾಗುವ ವಸ್ತುವಲ್ಲ. ಅದು ಅಲ್ಲಲ್ಲಿ ತೂತು ಬೀಳುತ್ತದೆ. ಇದು ನನಗೆ ಅರ್ಥವಾಗಲು ಒಂದು ವರ್ಷ ಬೇಕಾಯಿತು.

ಹೆಸರಿನ ವಿಷಯ ಇನ್ನೂ ವಿಚಿತ್ರ. ಕೋಡ್ ಎಲ್ಲರದೂ ಆಗಿರುವಾಗಲೂ ಹೆಸರು ಒಬ್ಬರದೇ ಆಗಿರಬಹುದೆಂಬ ಸಂಗತಿ ಸಾಮಾನ್ಯ ಬಳಕೆದಾರನಿಗೆ ತಿಳಿದಿರುವುದಿಲ್ಲ. ಪತ್ರ, ಲೆಕ್ಕಪಟ್ಟಿಗಳನ್ನು ಬರೆಯುವ ಉಚಿತ ಆಫೀಸ್ ತಂತ್ರಾಂಶವಾದ ಓಪನ್‌ಆಫೀಸ್.ಆರ್ಗ್‌ನ ಕಥೆ ಇದಕ್ಕೆ ಸಾಕ್ಷಿ. ಅದನ್ನು ನಡೆಸುತ್ತಿದ್ದ ಸನ್ ಕಂಪನಿಯನ್ನು 2010ರ ಆರಂಭದಲ್ಲಿ ಒರೇಕಲ್ ಕೊಂಡುಕೊಂಡ ಮೇಲೆ ಯೋಜನೆಯ ಭವಿಷ್ಯದ ಬಗ್ಗೆ ಆತಂಕಗೊಂಡವರು ಅದೇ ವರ್ಷದ ಸೆಪ್ಟೆಂಬರ್ 28ರಂದು ಡಾಕ್ಯುಮೆಂಟ್ ಫೌಂಡೇಷನ್ ಸ್ಥಾಪನೆಯನ್ನು ಘೋಷಿಸಿದರು. ತಮ್ಮ ಕವಲಿಗೆ ಲಿಬ್ರೆಆಫೀಸ್ ಎಂಬ ಹೆಸರನ್ನು ಅವರು ಇಟ್ಟುಕೊಂಡದ್ದು ಮೊದಲಿಗೆ ತಾತ್ಕಾಲಿಕವಾಗಿ. ಒರೇಕಲ್ ಹಳೆಯ ಹೆಸರನ್ನು ಬಿಟ್ಟುಕೊಟ್ಟೀತೆಂಬ ಆಸೆ ಇತ್ತು. ಅದು ಬಿಟ್ಟುಕೊಡಲಿಲ್ಲ. ಬದಲಿಗೆ, ಹೊಸ ಸಂಸ್ಥೆಯನ್ನು ಸೇರಿದವರು ಓಪನ್‌ಆಫೀಸಿನ ಸಮುದಾಯ ಮಂಡಳಿಯಲ್ಲಿ ಮುಂದುವರಿಯುವುದು ಸರಿಯಲ್ಲ, ರಾಜೀನಾಮೆ ಕೊಡಬೇಕು ಎಂದು ಅಕ್ಟೋಬರ್‌ನಲ್ಲಿ ಕೇಳಿತು. 2011ರ ಜೂನ್‌ನಲ್ಲಿ ಯೋಜನೆಯನ್ನು ಕೈಬಿಟ್ಟಾಗಲೂ ಹೆಸರು ಹೋದದ್ದು ಲಿಬ್ರೆಆಫೀಸಿಗಲ್ಲ, ಅಪಾಚೆ ಸಾಫ್ಟ್‌ವೇರ್ ಫೌಂಡೇಷನ್ನಿಗೆ.

ಮುಂದೆ ನಡೆದದ್ದು ಬಳಕೆದಾರರ ದೃಷ್ಟಿಯಿಂದ ನೋಡಬೇಕಾದ ಸಂಗತಿ. ಕೋಡ್ ಬರೆಯುವವರಲ್ಲಿ ಬಹುಪಾಲು ಜನ ಲಿಬ್ರೆಆಫೀಸಿನ ಕಡೆ ಹೋದರು, ದೊಡ್ಡ ಡಿಸ್ಟ್ರಿಬ್ಯೂಷನ್‌ಗಳೂ ಹೋದವು. ಆದರೆ ಮನೆಯಲ್ಲಿ ಕುಳಿತು ಉಚಿತ ಆಫೀಸ್ ತಂತ್ರಾಂಶವನ್ನು ಹುಡುಕುವವರು ಟೈಪ್ ಮಾಡುತ್ತಿದ್ದದ್ದು ಅವರಿಗೆ ಗೊತ್ತಿದ್ದ ಹಳೆಯ ಹೆಸರನ್ನು. ಅಪಾಚೆ ಓಪನ್‌ಆಫೀಸಿನ 4.1 ಆವೃತ್ತಿ ಬಂದದ್ದು 2014ರಲ್ಲಿ. ನಂತರ ಬಂದವು ಬಹುಮಟ್ಟಿಗೆ ದುರಸ್ತಿಯ ಆವೃತ್ತಿಗಳೇ. 2020ರ ಅಕ್ಟೋಬರ್‌ನಲ್ಲಿ, ಮೂಲ ಯೋಜನೆಗೆ ಇಪ್ಪತ್ತು ವರ್ಷ ತುಂಬಿದ ಸಂದರ್ಭದಲ್ಲಿ, ಡಾಕ್ಯುಮೆಂಟ್ ಫೌಂಡೇಷನ್ ಅಪಾಚೆ ಓಪನ್‌ಆಫೀಸಿನವರಿಗೆ ಒಂದು ಬಹಿರಂಗ ಪತ್ರ ಬರೆದು, ಲಿಬ್ರೆಆಫೀಸ್ ಎಂಬುದೊಂದಿದೆ ಎಂದಾದರೂ ನಿಮ್ಮ ಬಳಕೆದಾರರಿಗೆ ತಿಳಿಸಿ ಎಂದು ಕೇಳಿಕೊಂಡಿತು. ಎರಡನ್ನೂ ಮತ್ತೆ ಬೆಸೆಯಬಾರದಿತ್ತೇ ಎಂದು ಯಾರಾದರೂ ಕೇಳಬಹುದು. ಅದಕ್ಕೆ ಲೈಸೆನ್ಸುಗಳೇ ಅಡ್ಡ ಬಂದವು: ಅಪಾಚೆಯ ಕೋಡನ್ನು ಲಿಬ್ರೆಆಫೀಸ್ ತೆಗೆದುಕೊಳ್ಳಬಹುದು, ಲಿಬ್ರೆಆಫೀಸಿನ ಕೋಡನ್ನು ಅಪಾಚೆ ತನ್ನ ನಿಯಮಗಳ ಪ್ರಕಾರ ಸೇರಿಸಿಕೊಳ್ಳುವಂತಿಲ್ಲ. ನೀರು ಒಂದೇ ದಿಕ್ಕಿಗೆ ಹರಿಯುವ ಕಾಲುವೆಯಂತೆ ಆಯಿತು ವ್ಯವಹಾರ. ಲಿಬ್ರೆಆಫೀಸಿನವರು ಬೇರೆಯಾದದ್ದು ಸರಿ ಎಂದೇ ನನ್ನ ಅಭಿಪ್ರಾಯ. ಆದರೂ ಸರಿಯಾದ ಒಡಕಿಗೂ ಹತ್ತು ವರ್ಷ ದಂಡ ತೆತ್ತವರು, ಜಗಳದ ಸುದ್ದಿಯೇ ಕಿವಿಗೆ ಬೀಳದ ಬಳಕೆದಾರರು.

ವಿಡಿಯೊ ಕಡತಗಳ ನಮೂನೆ ಬದಲಿಸುವ ಎಫ್‌ಎಫ್‌ಎಂಪೆಗ್ ತಂತ್ರಾಂಶದ ಪ್ರಸಂಗದಲ್ಲಿ ಈ ದಂಡ ಪರದೆಯ ಮೇಲೆಯೇ ಅಚ್ಚಾಗಿ ಕಾಣುತ್ತಿತ್ತು. 2011ರಲ್ಲಿ ಆ ಯೋಜನೆಯ ಡೆವಲಪರ್‌ಗಳಲ್ಲಿ ಒಡಕು ಬಂದು ಒಂದು ಬಣ ಲಿಬ್‌ಎವಿ ಎಂಬ ಹೆಸರಿನಲ್ಲಿ ಬೇರೆಯಾಯಿತು, ಮತ್ತು ಡೆಬಿಯನ್, ಉಬುಂಟು ಎಂಬ ಡಿಸ್ಟ್ರಿಬ್ಯೂಷನ್‌ಗಳು ಆ ಬಣದ ಕೋಡನ್ನೇ ಹಂಚತೊಡಗಿದವು. ಹಳೆಯ ಅಭ್ಯಾಸದಂತೆ ಎಫ್‌ಎಫ್‌ಎಂಪೆಗ್ ಆಜ್ಞೆಯನ್ನು ಟೈಪ್ ಮಾಡಿದವರಿಗೆ, ಈ ಪ್ರೋಗ್ರಾಂನ ಅಭಿವೃದ್ಧಿ ನಿಂತಿದೆ, ಬದಲಿಗೆ ಎವಿಕಾನ್ವ್ ಬಳಸಿ ಎಂಬ ಅರ್ಥದ ಸೂಚನೆ ಬರುತ್ತಿತ್ತು. ನಿಂತದ್ದು ಲಿಬ್‌ಎವಿಯವರು ಹೊಂದಾಣಿಕೆಗೆಂದು ಇಟ್ಟುಕೊಂಡಿದ್ದ ಹಳೆಯ ಆಜ್ಞೆ ಮಾತ್ರ. ಎಫ್‌ಎಫ್‌ಎಂಪೆಗ್ ಯೋಜನೆ ಗಟ್ಟಿಮುಟ್ಟಾಗಿ ನಡೆಯುತ್ತಲೇ ಇತ್ತು. ವಿಡಿಯೊ ಕಡತವನ್ನು ಒಂದು ನಮೂನೆಯಿಂದ ಇನ್ನೊಂದಕ್ಕೆ ಬದಲಿಸಿಕೊಳ್ಳಬೇಕೆಂದಷ್ಟೇ ಬಂದವರು ಒಂದು ಯೋಜನೆ ಸತ್ತುಹೋಯಿತೆಂದು ನಂಬಿಕೊಂಡು ಹೋದರು. ನಾನೂ ಹಾಗೆಯೇ ನಂಬಿದ್ದೆ, ಅಷ್ಟೇ ಅಲ್ಲ, ಹಲವರಿಗೆ ಅದನ್ನೇ ಹೇಳಿಯೂ ಇದ್ದೆ. 2015ರಲ್ಲಿ ಡೆಬಿಯನ್ ಮತ್ತೆ ಎಫ್‌ಎಫ್‌ಎಂಪೆಗ್‌ಗೆ ಮರಳಿದಾಗ, ಮಧ್ಯದ ವರ್ಷಗಳಲ್ಲಿ ಬರೆದ ಕೈಪಿಡಿಗಳನ್ನೆಲ್ಲ ಮತ್ತೆ ತಿದ್ದುವ ಕೆಲಸ ಬಿದ್ದದ್ದು ಬಳಕೆದಾರರ ತಲೆಯ ಮೇಲೆ. ಕೋಣಗಳೆರಡುಂ ಹೋರೆ ಗಿಡುವಿಂಗೆ ಮಿತ್ತು ಎಂಬ ಹಳೆಯ ಮಾತು ಇಂಥ ಕಡೆಗೆ ಹೇಳಿಮಾಡಿಸಿದಂತಿದೆ.

ಇಷ್ಟನ್ನು ಓದಿದವರು ನಾನು ಒಗ್ಗಟ್ಟಿನ ಪರ ವಕಾಲತ್ತು ವಹಿಸುತ್ತಿದ್ದೇನೆಂದು ಭಾವಿಸಿದರೆ ಆಶ್ಚರ್ಯವಿಲ್ಲ, ಆದರೆ ಒಗ್ಗಟ್ಟು ಎಂಬ ಪದವನ್ನು ಕೇಳಿದೊಡನೆ ಅದನ್ನು ಹೇಳುತ್ತಿರುವವರು ಯಾರೆಂದು ನೋಡುವುದು ನನ್ನ ಅಭ್ಯಾಸವಾಗಿಬಿಟ್ಟಿದೆ. ಬಳಗಗಳಲ್ಲಿ ಆ ಪದವನ್ನು ಹೆಚ್ಚಾಗಿ ಬಳಸುವವರು ಕೀಲಿ ಕೈಯಲ್ಲಿರುವವರು. ಸರ್ವರಿನ ಪಾಸ್‌ವರ್ಡ್, ಡೊಮೈನ್ ಹೆಸರಿನ ನೋಂದಣಿ, ಸಭೆಯ ವಿಷಯಗಳನ್ನು ನಿರ್ಧರಿಸುವ ಅಧಿಕಾರ ಇವೆಲ್ಲ ತಮ್ಮಲ್ಲಿರುವಾಗ ಒಗ್ಗಟ್ಟಾಗಿರೋಣ ಎನ್ನುವುದಕ್ಕೂ ನಾನು ಹೇಳಿದಂತೆ ಕೇಳಿ ಎನ್ನುವುದಕ್ಕೂ ಅಂತರ ತೀರಾ ತೆಳುವಾಗುತ್ತದೆ. ಉಬುಂಟುವಿನ ಸ್ಥಳೀಯ ತಂಡಗಳಿಗೆ ಒಂದು ದೇಶಕ್ಕೆ ಒಂದೇ ಅಧಿಕೃತ ತಂಡ, ಅಮೆರಿಕದಲ್ಲಿ ರಾಜ್ಯಕ್ಕೊಂದು ಎಂಬ ನಿಯಮವಿತ್ತು. ನಿಯಮದ ಹಿಂದಿನ ಉದ್ದೇಶ ಒಳ್ಳೆಯದೇ: ಹೊಸಬರಿಗೆ ಗೊಂದಲವಾಗಬಾರದು, ನಾಲ್ಕು ಜನ ನಾಲ್ಕು ಬೋರ್ಡು ಹಾಕಿಕೊಳ್ಳಬಾರದು. ಆದರೆ ಇಂಥ ನಿಯಮ ಎಲ್ಲಿದ್ದರೂ ಅದಕ್ಕೆ ಇನ್ನೊಂದು ಮುಖವಿರುತ್ತದೆ. ಅಧಿಕೃತ ತಂಡ ನಿದ್ದೆಹೋದರೂ ಜಾಗ ಖಾಲಿಯಾಗುವುದಿಲ್ಲ, ಎಚ್ಚರವಿರುವವರು ಅನಧಿಕೃತರಾಗಿಯೇ ಕೆಲಸ ಮಾಡಬೇಕಾಗುತ್ತದೆ.

ಬಿಟ್ಟುಹೋಗುವ ದಾರಿ ಇರಲೇಬೇಕೆಂಬುದಕ್ಕೆ ಫ್ರೀನೋಡ್‌ನಷ್ಟು ದೊಡ್ಡ ಪುರಾವೆ ನನಗೆ ಬೇರೆ ತೋರುವುದಿಲ್ಲ. ಮುಕ್ತ ತಂತ್ರಾಂಶದ ಅಸಂಖ್ಯ ಬಳಗಗಳು ವರ್ಷಗಳಿಂದ ಕಲೆತು ಮಾತಾಡುತ್ತಿದ್ದ ಚಾಟ್ ಜಾಲ ಅದು. ಒಡೆತನದ ವಿವಾದದಲ್ಲಿ ಅದನ್ನು ನಡೆಸುತ್ತಿದ್ದ ಸ್ವಯಂಸೇವಕರು 2021ರ ಮೇ ತಿಂಗಳಲ್ಲಿ ಒಟ್ಟಾಗಿ ರಾಜೀನಾಮೆಯಿತ್ತು ಲಿಬೆರಾ ಚಾಟ್ ಎಂಬ ಹೊಸ ಜಾಲವನ್ನು ತೆರೆದರು. ಅದಾದ ಒಂದು ವಾರದಲ್ಲೇ, ವಿಷಯ ಸೂಚಿಯಲ್ಲಿ ಹೊಸ ಜಾಲದ ಹೆಸರು ಹೇಳಿದ್ದ ನೂರಾರು ಚಾನೆಲ್ಲುಗಳನ್ನು ಹಳೆಯ ಜಾಲದ ಆಡಳಿತ ವಶಪಡಿಸಿಕೊಂಡಿತು. ಜೂನ್‌ನಲ್ಲಿ ನೋಂದಣಿಗಳ ದತ್ತಾಂಶವನ್ನೇ ಬಿಟ್ಟು ಹೊಸದಾಗಿ ಆರಂಭಿಸಿತು. ಅಷ್ಟರಲ್ಲಿ ಉಬುಂಟು, ಫೆಡೋರಾ, ವಿಕಿಮೀಡಿಯದಂಥ ದೊಡ್ಡ ಸಮುದಾಯಗಳು ಗಂಟುಮೂಟೆ ಕಟ್ಟಿಯಾಗಿತ್ತು. ಇದನ್ನು ಒಡಕು ಎನ್ನಬೇಕೋ, ಒಗ್ಗಟ್ಟು ಎನ್ನಬೇಕೋ? ಕಟ್ಟಡ ಬದಲಾಯಿತು, ಜನರು ಹೆಚ್ಚುಕಡಿಮೆ ಒಟ್ಟಿಗೇ ಉಳಿದರು. ಉತ್ತರಿಸುವವರೂ ಕೇಳುವವರೂ ಒಂದೇ ವಾರದಲ್ಲಿ ಒಂದೇ ದಿಕ್ಕಿಗೆ ನಡೆದದ್ದರಿಂದ ಅಲ್ಲಿ ನಮ್ಮಲ್ಲಾದಂತೆ ತಿಳಿವಳಿಕೆಗೆ ತೂತು ಬೀಳಲಿಲ್ಲ. ನಾವು ಹನ್ನೊಂದು ಮಂದಿ ಎದ್ದು ಬಂದದ್ದಕ್ಕೂ ಇದಕ್ಕೂ ಇರುವ ವ್ಯತ್ಯಾಸ ಅದೇ.

ಒಡಕಿಗೆ ಕಾರಣವಾದದ್ದು ಮಾಯವಾದ ಮೇಲೂ ಒಡಕು ಉಳಿಯುತ್ತದೆ ಎಂಬುದನ್ನು ಲಿನಕ್ಸಿನ ಪರದೆಗೆ ಮೆನು, ಕಿಟಕಿಗಳ ರೂಪ ಕೊಡುವ ಕೆಡಿಇ ಮತ್ತು ಗ್ನೋಮ್ ಡೆಸ್ಕ್‌ಟಾಪ್‌ಗಳ ಇತಿಹಾಸದಲ್ಲಿ ಕಾಣಬಹುದು. 1996ರಲ್ಲಿ ಆರಂಭವಾದ ಕೆಡಿಇ ಕ್ಯೂಟಿ ಎಂಬ ಸಿದ್ಧ ಕೋಡಿನ ಲೈಬ್ರರಿಯನ್ನು ಆಧರಿಸಿತ್ತು, ಅದರ ಲೈಸೆನ್ಸ್ ಆಗ ಸಂಪೂರ್ಣ ಮುಕ್ತವಾಗಿರಲಿಲ್ಲ. ಆ ಆಕ್ಷೇಪದಿಂದಲೇ 1997ರಲ್ಲಿ ಗ್ನೋಮ್ ಹುಟ್ಟಿತು. 2000ದಲ್ಲಿ ಕ್ಯೂಟಿ ಜಿಪಿಎಲ್ ಎಂಬ ಮುಕ್ತ ಲೈಸೆನ್ಸಿನ ಅಡಿಯಲ್ಲಿ ಬಂದಾಗ ಮೂಲ ಆಕ್ಷೇಪಕ್ಕೆ ನೆಲೆಯೇ ಇಲ್ಲವಾಯಿತು, ಆದರೆ ಅಷ್ಟರಲ್ಲಿ ಎರಡೂ ಕಡೆ ಬೇರೆ ಬೇರೆ ಅಭಿರುಚಿ, ಬೇರೆ ನಡವಳಿಕೆ, ಬೇರೆ ಅಭಿಮಾನಿಗಳು ಬೆಳೆದಾಗಿತ್ತು. ಅವು ಒಂದಾಗಲಿಲ್ಲ, ಆಗಬೇಕಾಗಿಯೂ ಇರಲಿಲ್ಲ. ಬದಲಿಗೆ ಅದೇ 2000ದಲ್ಲಿ ಆರಂಭವಾದ ಫ್ರೀಡೆಸ್ಕ್‌ಟಾಪ್.ಆರ್ಗ್ ಮೂಲಕ ಕೆಲವು ಸಾಮಾನ್ಯ ಕಟ್ಟುಪಾಡುಗಳು ರೂಪುಗೊಂಡವು. ಒಂದರ ಪ್ರೋಗ್ರಾಂ ಇನ್ನೊಂದರ ಮೆನುವಿನಲ್ಲಿ ಕಾಣಿಸಿಕೊಳ್ಳತೊಡಗಿತು, ಪ್ರೋಗ್ರಾಂಗಳು ಪರಸ್ಪರ ಸಂದೇಶ ಕಳುಹಿಸಲು ಡಿಬಸ್ ಎಂಬ ಒಂದೇ ವ್ಯವಸ್ಥೆಯನ್ನು ಎರಡೂ ಒಪ್ಪಿಕೊಂಡವು. ಒಲೆ ಬೇರೆ, ಬಾವಿ ಒಂದೇ. ಆಫೀಸ್ ತಂತ್ರಾಂಶಗಳ ನಡುವೆಯೂ ಇಂಥ ಒಂದು ಬಾವಿ ಇದ್ದೇ ಇತ್ತು: 2006ರಲ್ಲಿ ಐಎಸ್‌ಒ ಮಾನದಂಡವಾದ ಓಪನ್‌ಡಾಕ್ಯುಮೆಂಟ್ ನಮೂನೆಯಿಂದಾಗಿ, ಓಪನ್‌ಆಫೀಸಿನಲ್ಲಿ ಬರೆದ ಪತ್ರವನ್ನು ಲಿಬ್ರೆಆಫೀಸಿನಲ್ಲಿ ತೆರೆಯಲು ಯಾರೂ ಯಾರ ಅಪ್ಪಣೆಯನ್ನೂ ಕೇಳಬೇಕಾಗಿರಲಿಲ್ಲ. ನಾವು ಹೊರಬಂದಾಗ ಇಂಥದ್ದೊಂದು ಬಾವಿಯನ್ನು ಉಳಿಸಿಕೊಳ್ಳಬಹುದಿತ್ತು. ಪ್ರಶ್ನೋತ್ತರಗಳ ಸಂಗ್ರಹವನ್ನಾದರೂ ಎರಡೂ ಬಳಗಗಳಿಗೆ ಸಾಮಾನ್ಯವಾಗಿ ಇಡೋಣ ಎಂದು ಯಾರೂ ಕೇಳಲಿಲ್ಲ, ಕೇಳುವಷ್ಟು ಮಾತುಕತೆಯೂ ಉಳಿದಿರಲಿಲ್ಲ.

ಒಡೆದು ಬೇರೆಯಾದದ್ದು, ವಾದಿಸಿಯೂ ಒಟ್ಟಿಗೆ ಉಳಿದದ್ದು, ಡೆಬಿಯನ್‌ನಲ್ಲಿ ಈ ಎರಡೂ ಬಗೆಯ ಪ್ರಸಂಗಗಳು ನಡೆದಿವೆ. ಯಂತ್ರ ಶುರುವಾದೊಡನೆ ಉಳಿದ ಸೇವೆಗಳನ್ನೆಲ್ಲ ಎಬ್ಬಿಸುವ ಸಿಸ್ಟಂಡಿ ಎಂಬ ತಂತ್ರಾಂಶ ಬೇಕೋ ಬೇಡವೋ ಎಂಬ ವಾದ 2014ರ ಫೆಬ್ರವರಿಯಲ್ಲಿ ತಾಂತ್ರಿಕ ಸಮಿತಿಯಲ್ಲಿ ಸಮಸಮವಾಗಿ ನಿಂತು, ಅಧ್ಯಕ್ಷರ ನಿರ್ಣಾಯಕ ಮತದಿಂದ ಸಿಸ್ಟಂಡಿ ಪರವಾಗಿ ತೀರ್ಮಾನವಾಯಿತು. ನವೆಂಬರ್‌ನಲ್ಲಿ ಸದಸ್ಯರೆಲ್ಲರ ಮತದಾನವೂ ನಡೆಯಿತು. ಒಪ್ಪದವರು ಅದೇ ತಿಂಗಳು ಡೆವುವನ್ ಕವಲನ್ನು ಘೋಷಿಸಿದರು. ಅವರ ಮೊದಲ ಸ್ಥಿರ ಆವೃತ್ತಿ ಹೊರಬಂದದ್ದು 2017ರ ಮೇ ತಿಂಗಳಲ್ಲಿ. ಘೋಷಣೆಗೂ ಬಿಡುಗಡೆಗೂ ನಡುವಿನ ಆ ಎರಡೂವರೆ ವರ್ಷಗಳೇ, ಹೊಸ ಮನೆ ಕಟ್ಟುವುದು ಹಳೆಯ ಮನೆ ಬಿಡುವಷ್ಟು ಸುಲಭವಲ್ಲವೆಂದು ಹೇಳುತ್ತವೆ. ಅದೇ ಡೆಬಿಯನ್ 2022ರಲ್ಲಿ, ನಮ್ಮ ಪುಟ್ಟ ಬಳಗವನ್ನು ಒಡೆದ ಪ್ರಶ್ನೆಯನ್ನೇ ಎತ್ತಿಕೊಂಡಿತು: ಮುಕ್ತವಲ್ಲದ ಫರ್ಮ್‌ವೇರನ್ನು ಅಧಿಕೃತ ಇನ್‌ಸ್ಟಾಲರ್‌ನಲ್ಲಿ ಸೇರಿಸಬೇಕೇ? ಹಲವು ಆಯ್ಕೆಗಳನ್ನು ಸದಸ್ಯರ ಮುಂದಿಟ್ಟು, ಪ್ರತಿಯೊಬ್ಬರೂ ಅವುಗಳನ್ನು ತಮ್ಮ ಇಷ್ಟದ ಕ್ರಮದಲ್ಲಿ ಜೋಡಿಸುವ ಪದ್ಧತಿಯಲ್ಲಿ ಮತ ಹಾಕಿಸಿದರು. ಸೇರಿಸಬೇಕೆಂಬ ಆಯ್ಕೆ ಗೆದ್ದು, ಅದಕ್ಕಾಗಿ ತಮ್ಮ ಮೂಲ ಧ್ಯೇಯಗಳ ಬರಹವಾದ ಸಾಮಾಜಿಕ ಒಪ್ಪಂದವನ್ನೇ ತಿದ್ದಿಕೊಂಡು, 2023ರ ಜೂನ್‌ನಲ್ಲಿ ಬಂದ ಡೆಬಿಯನ್ 12ರಲ್ಲಿ ಅದನ್ನು ಜಾರಿಗೆ ತಂದರು. ಇದಕ್ಕಾಗಿ ದೊಡ್ಡ ಬಣವೊಂದು ಸಿಡಿದುಹೋದದ್ದನ್ನು ನಾನು ಕಾಣೆ. ಸೋತವರಿಗೆ ನೋವಾಗಿರಬೇಕು, ಆದರೆ ಸೋತದ್ದು ಹೇಗೆಂದು ಅವರಿಗೆ ತಿಳಿದಿತ್ತು. ಇಲ್ಲೊಂದು ಮಾತು ಸೇರಿಸಬೇಕು: ಈ ಮತ ಇರುವುದು ಡೆಬಿಯನ್ ಸದಸ್ಯರಿಗೆ, ಬರೀ ಬಳಸುವವರಿಗಲ್ಲ. ಬಳಕೆದಾರನ ಕೈಯಲ್ಲಿ ಮತಪತ್ರವಿಲ್ಲ, ಇರುವುದು ಎರಡು ಕಾಲು ಮಾತ್ರ.

ನಮ್ಮಲ್ಲಿ ಮತದಾನ ನಡೆಯಲೇ ಇಲ್ಲ. ಈಗ ಹಿಂತಿರುಗಿ ನೋಡಿದರೆ, ವೈಫೈ ಚಿಪ್ಪು ಒಂದು ನೆಪವಾಗಿತ್ತು. ಆರು ಜನ ಉತ್ತರಿಸುವವರಲ್ಲಿ ಇಬ್ಬರಿಗೆ ತಮ್ಮ ಮಾತನ್ನು ಸಭೆಯಲ್ಲಿ ಯಾರೂ ಕಿವಿಗೆ ಹಾಕಿಕೊಳ್ಳುವುದಿಲ್ಲ ಎಂಬ ಕುದಿ ಬಹಳ ಕಾಲದಿಂದ ಇತ್ತು; ಫರ್ಮ್‌ವೇರ್ ಇಲ್ಲದಿದ್ದರೆ ಅದು ಬ್ಯಾನರಿನ ಬಣ್ಣದ ಮೇಲೆ ಸಿಡಿಯುತ್ತಿತ್ತೇನೋ. ಆ ಇಬ್ಬರಲ್ಲಿ ಒಬ್ಬ ನಾನು.

ಕಳೆದ ವರ್ಷ ಹಳೆಯ ಬಳಗದ ಒಬ್ಬರು, ಅಂದು ನನ್ನೊಡನೆ ಅತಿ ಹೆಚ್ಚು ವಾದಿಸಿದವರು, ತಾವಾಗಿಯೇ ಮಾತಾಡಿಸಿದರು. ಅವರ ಬಳಗ ನಿಂತುಹೋಗಿ ಕೆಲವು ವರ್ಷಗಳಾಗಿದ್ದವು, ನಮ್ಮದು ಅದಕ್ಕೂ ಮೊದಲೇ ನಿಂತಿತ್ತು. ಹಳೆಯ ಪ್ರಶ್ನೋತ್ತರಗಳಲ್ಲಿ ಅವರ ಬಳಿ ಒಂದಷ್ಟು, ನನ್ನ ಬಳಿ ಒಂದಷ್ಟು ಉಳಿದಿದ್ದವು. ಎರಡನ್ನೂ ದಿನಾಂಕದ ಪ್ರಕಾರ ಜೋಡಿಸಿ ಒಂದು ಕಡೆ ಇಡೋಣ ಎಂದು ಕೂತೆವು. ಒಡೆದು ನಾಲ್ಕು ತಿಂಗಳಾದ ಮೇಲಿನ ಒಂದು ದಿನ, ಒಬ್ಬ ಹೊಸಬ ಒಂದೇ ಪ್ರಶ್ನೆಯನ್ನು ಎರಡೂ ಬಳಗಗಳಿಗೆ, ಅದೇ ಪದಗಳಲ್ಲಿ, ಕೆಲವೇ ನಿಮಿಷಗಳ ಅಂತರದಲ್ಲಿ ಕಳುಹಿಸಿದ್ದ. ಲಿನಕ್ಸ್ ಹಾಕಿದ ಮೇಲೆ ಪ್ರಿಂಟರ್ ಖಾಲಿ ಹಾಳೆಗಳನ್ನು ಉಗುಳುತ್ತಿದೆ, ಏನು ಮಾಡಲಿ ಎಂಬ ಪ್ರಶ್ನೆ. ಅವರ ಸಂಗ್ರಹದಲ್ಲಿ ಅದಕ್ಕೆ ಉತ್ತರವೇ ಇರಲಿಲ್ಲ. ನಮ್ಮದರಲ್ಲಿ ಉತ್ತರವಿತ್ತು, ಬರೆದವನು ನಾನೇ, ಮತ್ತು ಅದು ತಪ್ಪಾಗಿತ್ತು.